ಶನಿವಾರದ ಲೆಕ್ಕ

ಯೂರೋ ನೂರು ರೂಪಾಯಿ ದಾಟಿದ ಮೇಲೆ ನಮ್ಮಂಥವರಿಗೆ ಒಂದು ಕೆಟ್ಟ ಚಟ ಹತ್ತಿಕೊಂಡಿದೆ. ಮೊದಲು ತೊಂಬತ್ತರಿಂದ ಗುಣಿಸುವಾಗ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಆಸೆಯೂ ತಣ್ಣಗಾಗುತ್ತಿತ್ತು. ಈಗ ಎರಡು ಸೊನ್ನೆ ಸೇರಿಸಿದರೆ ಮುಗೀತು. ಬ್ರೆಡ್ಡಿಗೆ ನಾಲ್ಕು ಯೂರೋ ಅಂದರೆ ನಾಲ್ಕುನೂರಾ ಅಂತ ಹೊಟ್ಟೆ ಉರಿಯುತ್ತದೆ. ಯಾರಾದರೂ ಕೆಲಸಕ್ಕೆ ಕರೆದರೆ ಅದೇ ಎರಡು ಸೊನ್ನೆ ಬಾಯಲ್ಲಿ ನೀರೂರಿಸುತ್ತವೆ.

ನನ್ನನ್ನು ಕರೆದದ್ದು ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಾವು ದಿನಸಿ ತರುವ ಅಂಗಡಿಯ ಅಣ್ಣ. ಶ್ರೀಲಂಕಾದ ಜಾಫ್ನಾ ಕಡೆಯವರು. ಎಂಬತ್ತರ ದಶಕದಲ್ಲಿ ಗಲಾಟೆಯ ಕಾಲಕ್ಕೆ ಊರು ಬಿಟ್ಟು ಬಂದವರು. ಶನಿವಾರ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. "ನಿಮ್ಮ ಕಡೆಯವರು ಜಾಸ್ತಿ ಆಗಿದ್ದಾರಮ್ಮ. ರಾಗಿ ಹಿಟ್ಟು ಕೇಳ್ತಾರೆ, ಬ್ಯಾಡಗಿ ಮೆಣಸಿನಕಾಯಿ ಕೇಳ್ತಾರೆ, ನನ್ನ ಹುಡುಗರಿಗೆ ಗೊತ್ತಾಗಲ್ಲ. ನೀನು ಶನಿವಾರ ಬಂದು ಕೌಂಟರ್ ನೋಡ್ಕೋ" ಅಂದರು. ನಮ್ಮ ಕಡೆಯವರು ಜಾಸ್ತಿ ಇರೋದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಬಾಷ್, ಮರ್ಸಿಡಿಸ್ ಎರಡರ ತವರೂ ಇದೇ ಊರು, ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಆಫೀಸುಗಳಿವೆ. ಆಡುಗೋಡಿಯಲ್ಲಿ ಕೆಲಸಕ್ಕೆ ಸೇರಿದವರು ಇಲ್ಲಿ ಬಂದು ರಾಗಿ ಹಿಟ್ಟು ಹುಡುಕುತ್ತಾರೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಇಲ್ಲಿ ಇಂಥ ಸಣ್ಣ ಕೆಲಸಕ್ಕೆ ಮಿನಿಜಾಬ್ ಅನ್ನುತ್ತಾರೆ. 2026ರಲ್ಲಿ ತಿಂಗಳಿಗೆ 603 ಯೂರೋವರೆಗೆ ದುಡಿಯಬಹುದು. ದೊಡ್ಡ ಕೆಲಸದ ಜೊತೆ ಇಂಥದ್ದು ಒಂದೇ ಒಂದು ಇದ್ದರೆ ನಮ್ಮ ಕೈಯಿಂದ ಸಾಮಾನ್ಯವಾಗಿ ತೆರಿಗೆ ಹೋಗುವುದಿಲ್ಲ. ಕನಿಷ್ಠ ಕೂಲಿ ಗಂಟೆಗೆ 13.90. ಶನಿವಾರಕ್ಕೆ ಎಂಟು ಗಂಟೆ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 445 ಯೂರೋ. ಎರಡು ಸೊನ್ನೆ ಸೇರಿಸಿ. ನಲವತ್ತನಾಲ್ಕು ಸಾವಿರದ ಐನೂರು! ಹರಿಹರದಲ್ಲಿ ತಮ್ಮ ಮನೆ ಮೇಲೆ ಒಂದು ಮಹಡಿ ಎತ್ತಬೇಕು ಅಂತಿದ್ದಾನೆ. ಅವನು ನನ್ನನ್ನು ಬಾಯಿಬಿಟ್ಟು ಕೇಳಿಲ್ಲ. ಸಿಮೆಂಟಿನ ರೇಟು ಮಾತ್ರ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾನೆ.

ಮನೆಯವರನ್ನು ಕೇಳಿದೆ. "ನಿನ್ನಿಷ್ಟ" ಅಂದರು. ಈ ಮಾತಿನಿಂದ ಯಾವ ಹೆಂಗಸಿಗೂ ಇವತ್ತಿನವರೆಗೆ ಉಪಕಾರ ಆಗಿಲ್ಲ.

ಇಲ್ಲಿ ಎರಡನೇ ಕೆಲಸಕ್ಕೆ ಕದ್ದುಮುಚ್ಚಿ ಹೋಗಬೇಕಾಗಿಲ್ಲ. ನನ್ನ ಕರಾರಿನಲ್ಲಿ ಇರೋ ಪ್ರಕಾರ ಆಫೀಸಿಗೆ ಮೊದಲೇ ಬರೆದು ತಿಳಿಸಬೇಕು, ಅಷ್ಟೇ. ಅವರಿಗೆ ತೊಂದರೆ ಆಗುವಂಥ ಕೆಲಸ ಆಗದಿದ್ದರೆ ಬೇಡ ಅನ್ನುವ ಹಾಗಿಲ್ಲ. ಆದರೆ ಎರಡೂ ಕೆಲಸದ ಗಂಟೆಗಳನ್ನು ಕಾನೂನು ಕೂಡಿಸಿ ನೋಡುತ್ತದೆ. ಸರಾಸರಿ ವಾರಕ್ಕೆ 48 ದಾಟಬಾರದು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವುದರ ನಡುವೆ 11 ಗಂಟೆ ಬಿಡುವು ಇರಬೇಕು. ಇನ್ನೂ ತಮಾಷೆ ಅಂದರೆ, ರಜೆ ಹಾಕಿದಾಗ ರಜೆಯ ಉದ್ದೇಶಕ್ಕೆ ವಿರುದ್ಧವಾದ ದುಡಿಮೆ ಮಾಡಬಾರದು ಅಂತಲೂ ಕಾನೂನಿದೆ. ರಜೆ ಹಾಕಿ ಮದುವೆ ಮನೆಯಲ್ಲಿ ನಾಲ್ಕು ದಿನ ಮೈಮುರಿದು ದುಡಿದು, ಸುಸ್ತಾಗಿ ಆಫೀಸಿಗೆ ವಾಪಸು ಬರುವ ನಮ್ಮನ್ನು ನೋಡಿದರೆ ಈ ಕಾನೂನು ಮಾಡಿದವರು ಏನನ್ನುತ್ತಿದ್ದರೋ.

ನನ್ನ ಕೆಲಸ ವಾರಕ್ಕೆ 35 ಗಂಟೆ. ಈ ಕಡೆಯ ಲೋಹ ಮತ್ತು ಎಲೆಕ್ಟ್ರಿಕಲ್ ಕಾರ್ಖಾನೆಗಳ ಒಪ್ಪಂದದಲ್ಲಿ 1995ರಿಂದ ಇರುವುದೇ ಅಷ್ಟು. ಅದಕ್ಕಾಗಿ 1984ರಲ್ಲಿ ಇದೇ ಪ್ರದೇಶದಲ್ಲಿ ವಾರಗಟ್ಟಲೆ ಮುಷ್ಕರ ನಡೆದಿತ್ತು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ತಮ್ಮ ಆ ಸುದ್ದಿ ಕಳಿಸಿ, "ಅಕ್ಕ, ನಿಂದು ಸರಿಯಾಗಿ ಅರ್ಧ" ಅಂತ ಬರೆದಿದ್ದ. ನಗು ಬಂತು. ಆದರೂ ಎಲ್ಲೋ ಒಂದು ಕಡೆ ಚುಚ್ಚಿತು. ಅರ್ಧ ಕೆಲಸದವಳು ಅನ್ನೋ ಹಾಗೆ.

35ಕ್ಕೆ 8 ಸೇರಿಸಿದರೆ 43. ಕಾನೂನಿನ ಅಡ್ಡಿ ಇಲ್ಲ. ಅಂಗಡಿ ಅಣ್ಣ ಕೊಟ್ಟ ಫಾರಂ ಫ್ರಿಜ್ ಮೇಲೆ ಮ್ಯಾಗ್ನೆಟ್‌ನಲ್ಲಿ ಸಿಕ್ಕಿಸಿಟ್ಟೆ.

ಹೀಗಿರುವಾಗ ಕಸದ ವಾರ ನಮ್ಮ ಪಾಳಿಗೆ ಬಂತು. ಸ್ಟುಟ್‌ಗಾರ್ಟ್ ಸುತ್ತಮುತ್ತ ಇದೊಂದು ಹಳೇ ಪದ್ಧತಿ. ಕಟ್ಟಡದ ಮೆಟ್ಟಿಲು, ಮುಂದಿನ ಹಾದಿ ಎಲ್ಲವನ್ನೂ ವಾರಕ್ಕೊಬ್ಬರಂತೆ ಗುಡಿಸಿ ಒರೆಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಮರದ ಹಲಗೆ ನೇತಾಡುತ್ತದೆ. ಶನಿವಾರ ಮಧ್ಯಾಹ್ನ ನಾನು ಮೆಟ್ಟಿಲು ಗುಡಿಸುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಬೇಕರಿ ಕೆಲಸ ಮುಗಿಸಿ ಬಂದರು. ವಯಸ್ಸು ಎಪ್ಪತ್ತಾರು. ವಾರದಲ್ಲಿ ಮೂರು ಬೆಳಗ್ಗೆ ಬೇಕರಿಯ ಕೌಂಟರ್‌ನಲ್ಲಿ ನಿಲ್ಲುತ್ತಾರೆ. ಮಿಕ್ಕ ಬ್ರೆಟ್ಸೆಲ್ ಇದ್ದರೆ ಒಂದು ಕಾಗದದ ಚೀಲದಲ್ಲಿ ನನ್ನ ಮಗಳಿಗೆ ತರುತ್ತಾರೆ. ಮೆಟ್ಟಿಲಿನ ಮೇಲೆ ಕೂತು ಶೂ ಬಿಚ್ಚಿ, ಕಾಲ್ಚೀಲದ ಮೇಲಿಂದಲೇ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದರು. ನಾನು ಹುಮ್ಮಸ್ಸಿನಲ್ಲಿ, ನಾನೂ ನಿಮ್ಮ ಹಾಗೇ ಶನಿವಾರ ಒಂದು ಮಿನಿಜಾಬ್ ಹಿಡೀತಿದ್ದೀನಿ ಅಂದೆ.

ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಈ ಕಡೆಯ ಜನ ದುಡಿಮೆಗೆ, ಜಿಪುಣತನಕ್ಕೆ, ಸ್ವಂತ ಮನೆ ಕಟ್ಟುವ ಹುಚ್ಚಿಗೆ ಇಡೀ ಜರ್ಮನಿಯಲ್ಲೇ ಹೆಸರಾದವರು. ನಮ್ಮ ಕಡೆಯವರಿಗೆ ಬೀಗರಾಗಬಹುದಾದಂಥ ಜನ. ಆದರೆ ಅಜ್ಜಿ ಹಿಮ್ಮಡಿಯಿಂದ ಕೈ ತೆಗೆಯದೆ ಕೇಳಿದರು.

"ನನ್ನ ಪೆನ್ಷನ್ ಸಾಲಲ್ಲ, ಅದಕ್ಕೆ ಹೋಗ್ತೀನಿ. ನಿನಗೆ ಏನು ಸಾಲಲ್ಲ?"

ಬೈದದ್ದಲ್ಲ. ಸುಮ್ನೆ ಕೇಳಿದ್ದು. ನಾನು ಮಹಡಿ, ಸಿಮೆಂಟು, ತಮ್ಮ ಅಂತೆಲ್ಲ ಜರ್ಮನ್ ಭಾಷೆಯಲ್ಲಿ ಹೇಳೋಕೆ ಹೋದೆ. ಅರ್ಧಕ್ಕೇ ನಿಂತುಬಿಟ್ಟಿತು. ಅಲ್ಲಿರುವ ಮನೆಯಲ್ಲಿ ಅಪ್ಪಾಜಿ, ಅಮ್ಮ, ತಮ್ಮನ ಸಂಸಾರ ಎಲ್ಲ ಆರಾಮಾಗಿದ್ದಾರೆ. ಮೇಲಿನ ಮಹಡಿ ಬಾಡಿಗೆಗೆ ಕೊಡೋದಕ್ಕೆ. ಬಾಡಿಗೆ ಯಾತಕ್ಕೆ ಅಂತ ಕೇಳಿದರೆ ತಮ್ಮನ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಅಜ್ಜಿ ತಮ್ಮ ಕಥೆ ಶುರುಮಾಡಿದರು. ಅವರ ಅಪ್ಪ ಕಾರ್ಖಾನೆ ಕೆಲಸಗಾರ. ಯುದ್ಧ ಮುಗಿದ ಮೇಲಿನ ಕಾಲ. ವಾರಕ್ಕೆ ಆರು ದಿನ, 48 ಗಂಟೆ. 1956ರ ಮೇ ದಿನಕ್ಕೆ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಪೋಸ್ಟರ್ ಮಾಡಿತ್ತು. ಒಂದು ಮಗುವಿನ ಚಿತ್ರ, ಜೊತೆಗೆ "ಶನಿವಾರ ಅಪ್ಪ ನನ್ನವನು" ಅನ್ನುವ ಮಾತು. ಅಜ್ಜಿಗೆ ಆಗ ಆರೇಳು ವರ್ಷ ಇರಬೇಕು. ಆ ಪೋಸ್ಟರ್ ತನ್ನ ಬಗ್ಗೆಯೇ ಬರೆದದ್ದು ಅಂತ ನಂಬಿದ್ದರಂತೆ. ಆಮೇಲೆ ವರ್ಷಗಳು ಕಳೆದು ಶನಿವಾರ ನಿಜವಾಗಿಯೂ ರಜೆಯಾಯಿತು. ಅಪ್ಪ ಮನೆಯಲ್ಲಿ ಉಳಿದರು.

"ಅಮ್ಮ?" ಅಂದೆ.

"ಅಮ್ಮನಿಗೆ ಶನಿವಾರ ಕೆಲಸ ಜಾಸ್ತಿಯಾಯಿತು. ಅಪ್ಪ ಮನೇಲಿದ್ರಲ್ಲ" ಅಂತ ನಕ್ಕರು.

ಇವರದೂ ಅದೇ ಹಾದಿ. ಮೂರು ಮಕ್ಕಳು, ಗಂಡನಿಗೆ ಒಳ್ಳೇ ಕಾರ್ಖಾನೆ ಕೆಲಸ. ಇವರು ಸಂಜೆ ಹೊತ್ತು ಆಫೀಸುಗಳನ್ನು ಒರೆಸಲು ಹೋಗುತ್ತಿದ್ದರು. ಯೂರೋ ಬರುವ ಮುಂಚೆ ಇಲ್ಲಿ ಮಾರ್ಕ್ ನಡೆಯುತ್ತಿತ್ತು, ಕೊನೆಕೊನೆಗೆ ಇಂಥದ್ದಕ್ಕೆ 630 ಮಾರ್ಕಿನ ಕೆಲಸ ಅನ್ನುತ್ತಿದ್ದರು. ತೆರಿಗೆ ಕಾಟ ಇಲ್ಲ, ಕೈಗೆ ಪೂರ್ತಿ ಹಣ. ಹೆಂಗಸರಿಗೆ ಹೇಳಿ ಮಾಡಿಸಿದ್ದು ಅಂತ ಎಲ್ಲರೂ ಹೊಗಳುತ್ತಿದ್ದರು. ಅಂಥ ಕೆಲಸಕ್ಕೆ ಪೆನ್ಷನ್ ಹಣ ಕಟ್ಟುವ ಪದ್ಧತಿಯೇ ಬಹಳ ವರ್ಷ ಇರಲಿಲ್ಲ. ಗಂಡ ಹೋದ ಮೇಲೆ ಅವರ ಪೆನ್ಷನ್ನಿನ ಒಂದು ಭಾಗ ಬರುತ್ತದೆ. ಇವರದೇ ಅಂತ ಬರುವುದು ಬಾಡಿಗೆಗೂ ಸಾಕಾಗುವುದಿಲ್ಲ. ಅದಕ್ಕೇ ಬೇಕರಿ. ಜರ್ಮನಿಯಲ್ಲಿ ಇವರೊಬ್ಬರೇ ಅಲ್ಲ, ಪೆನ್ಷನ್ ವಯಸ್ಸು ದಾಟಿದ ಲಕ್ಷಗಟ್ಟಲೆ ಜನ ಮಿನಿಜಾಬ್ ಮಾಡುತ್ತಾರೆ. ಎಲ್ಲರೂ ದುಡ್ಡಿಗಾಗಿಯೇ ಅಲ್ಲ, ಬೇಜಾರು ಕಳೆಯೋಕೂ ಹೋಗುತ್ತಾರೆ. ಆದರೆ ಈ ಅಜ್ಜಿ ಹೋಗುವುದು ಬಾಡಿಗೆಗೆ.

ಏಳುವಾಗ ಒಂದು ಮಾತು ಹೇಳಿದರು. "ಆ ಫಾರಂನಲ್ಲಿ ಪೆನ್ಷನ್ ಬೇಡ ಅಂತ ಒಂದು ಕಾಗದ ಇರುತ್ತೆ. ಏನೇ ಮಾಡು, ಅದಕ್ಕೆ ಮಾತ್ರ ಸಹಿ ಹಾಕಬೇಡ."

ಮೇಲೆ ಬಂದು ಫ್ರಿಜ್ ಮೇಲಿನ ಕಾಗದ ತೆಗೆದು ನೋಡಿದೆ. ಕೊನೆಯ ಹಾಳೆ ಅದೇ. ಸಂಬಳದ 3.6 ಶೇಕಡಾ ಪೆನ್ಷನ್ನಿಗೆ ಹೋಗುತ್ತದೆ, ಬೇಡವಾದರೆ ಇಲ್ಲಿ ಸಹಿ ಮಾಡಿ ಅಂತ. ನನ್ನ ಲೆಕ್ಕದಲ್ಲಿ ತಿಂಗಳಿಗೆ ಹದಿನಾರು ಯೂರೋ. ಸಹಿ ಮಾಡಬೇಕಾದ ಜಾಗದಲ್ಲಿ ಅಂಗಡಿಯವರು ಪೆನ್ಸಿಲ್‌ನಲ್ಲಿ ಆಗಲೇ ಒಂದು ಸಣ್ಣ ಗುರುತು ಹಾಕಿದ್ದರು. ಕೆಟ್ಟ ಉದ್ದೇಶ ಅಲ್ಲ. ಎಲ್ಲರೂ ಹಾಕ್ತಾರೆ, ನಿಮಗೂ ಹದಿನಾರು ಉಳಿಯುತ್ತೆ ಅನ್ನೋ ಸಹಾಯ.

ಸಹಿ ಮಾಡುವ ಜಾಗದ ಗುರುತು ನೋಡಿದ ಕೂಡಲೇ ನನಗೆ ಅಮ್ಮ ನೆನಪಾದಳು.

ಅಪ್ಪಾಜಿ ಸರ್ಕಾರಿ ಹೈಸ್ಕೂಲು ಮೇಷ್ಟ್ರು. ಸರ್ಕಾರಿ ನೌಕರರು ಬೇರೆ ವ್ಯಾಪಾರ ವ್ಯವಹಾರ ಮಾಡುವಂತಿಲ್ಲ ಅನ್ನುವುದು 1966ರ ನಡತೆ ನಿಯಮದಲ್ಲೇ ಇತ್ತು. ಹಾಗಾಗಿ ನಮ್ಮ ಮನೆಯ ಎಲ್‌ಐಸಿ ಏಜೆನ್ಸಿ ಅಮ್ಮನ ಹೆಸರಲ್ಲಿತ್ತು. ನಮ್ಮದೊಂದೇ ಮನೆ ಅಂದುಕೊಳ್ಳಬೇಡಿ, ಆ ಬೀದಿಯಲ್ಲೇ ಇನ್ನೂ ಇಬ್ಬರು ಮೇಷ್ಟ್ರ ಹೆಂಡತಿಯರು ಏಜೆಂಟರು. ಶಾಲೆ ಬಿಟ್ಟ ಮೇಲೆ ಅಪ್ಪಾಜಿ ಟಿವಿಎಸ್ ಹತ್ತಿ ಮಲೇಬೆನ್ನೂರು, ಹೊನ್ನಾಳಿ ಕಡೆ ಹೋಗುತ್ತಿದ್ದರು. ಫೆಬ್ರವರಿ, ಮಾರ್ಚ್ ಬಂತೆಂದರೆ ತೆರಿಗೆ ಉಳಿಸುವವರ ಸುಗ್ಗಿ. ನಾವು ಮಲಗಿದ ಮೇಲೆ ಬರುತ್ತಿದ್ದರು. ಅಮ್ಮ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತಿದ್ದಳು. ಅಪ್ಪಾಜಿ ಪ್ರಪೋಸಲ್ ಫಾರಂ ಮುಂದಿಟ್ಟು ಪೆನ್ಸಿಲ್ ಗುರುತು ತೋರಿಸುತ್ತಿದ್ದರು. ಅಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮೇಜಿಗಿಟ್ಟು, ಸಹಿ ಮಾಡಿ, ಮತ್ತೆ ಸೂಜಿ ಕಚ್ಚಿಕೊಂಡು ರವಿಕೆಗೆ ಕೈಹಾಕುತ್ತಿದ್ದಳು.

ಮನೆಗೆ ಯಾರಾದರೂ ಬಂದು ಕೇಳಿದರೆ, ಎಲ್‌ಐಸಿ ಅಮ್ಮಂದು ಅಂತ ಹೇಳಬೇಕು ಅಂತ ನಮಗೆ ಪಾಠ ಆಗಿತ್ತು. ರವಿಕೆ ಹೊಲಿಯುವುದನ್ನು ಕೇಳಿದರೆ ಏನು ಹೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಕೆಲಸ ಅಂತ ಯಾರೂ ಎಣಿಸಿರಲೇ ಇಲ್ಲ. ಅಮ್ಮ ಮಾಡದ ಕೆಲಸಕ್ಕೆ ಅಮ್ಮನ ಹೆಸರಿತ್ತು, ಮಾಡಿದ ಕೆಲಸಕ್ಕೆ ಹೆಸರೇ ಇರಲಿಲ್ಲ.

ಇದನ್ನು ಈಗ ಇಲ್ಲಿ ಕೂತು ಆಡಿಕೊಳ್ಳುವುದು ಸುಲಭ. ಆ ಕಮಿಷನ್ ದುಡ್ಡಲ್ಲೇ ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದ್ದು. ಊರಿನ ದೊಡ್ಡ ಕಾರ್ಖಾನೆ ಮುಚ್ಚಿದಾಗ ಅಪ್ಪಾಜಿ ಮಾಡಿಸಿದ್ದ ಎಷ್ಟೋ ಪಾಲಿಸಿಗಳು ಕಂತು ಕಟ್ಟಲಾಗದೆ ನಿಂತುಹೋದವು. ಕಮಿಷನ್ನೂ ನಿಂತಿತು. ಆ ವರ್ಷ ನನ್ನ ಫೀಸು ಬಂದದ್ದು ರವಿಕೆಯಿಂದ. ಒಂದು ಸಂಬಳದಲ್ಲಿ ಬದುಕಬಹುದು ಅನ್ನೋದನ್ನೇ ನಾವು ನೋಡಿರಲಿಲ್ಲ. ಎರಡನೇ ಕೆಲಸ ಮಾಡೋದಾ ಬೇಡವಾ ಅಂತ ಯಾರೂ ಕೂತು ಯೋಚಿಸಿದ್ದಿಲ್ಲ. ಅದು ಇದ್ದೇ ಇರುತ್ತಿತ್ತು. ಹಾಗಾಗಿ ಖಾಲಿ ಶನಿವಾರ ಕಂಡರೆ ನನಗೆ ಇವತ್ತಿಗೂ ಕೈ ತುರಿಸುತ್ತದೆ.

ಆದರೆ ನನ್ನ ಶನಿವಾರ ನಿಜಕ್ಕೂ ಖಾಲಿ ಇದೆಯಾ? ವಾರದ ಬಟ್ಟೆ, ಮಗಳ ಈಜು, ದೋಸೆ ಹಿಟ್ಟು ರುಬ್ಬೋದು, ಸಂಜೆ ಒಂದಿಷ್ಟು ಮಂಡಕ್ಕಿ ಒಗ್ಗರಣೆ, ಪಾಳಿ ಬಂದಾಗ ಮೆಟ್ಟಿಲು. 35ಕ್ಕೆ 8 ಕೂಡಿಸುವಾಗ ಇವನ್ನು ನಾನೂ ಸೇರಿಸಿರಲಿಲ್ಲ. ಜರ್ಮನಿಯ ಕಾನೂನೂ ಸೇರಿಸುವುದಿಲ್ಲ, ಬಿಡಿ. ಎಂಟು ಗಂಟೆ ಅಂಗಡಿಗೆ ಹೋದರೆ ಇವೆಲ್ಲ ಭಾನುವಾರಕ್ಕೆ ಬೀಳುತ್ತವೆ, ಇಲ್ಲವಾದರೆ ಮನೆಯವರ ಮೇಲೆ ಬೀಳಬೇಕು. "ನಿನ್ನಿಷ್ಟ" ಅಂದವರ ಮುಂದೆ ಈ ಪಟ್ಟಿ ಇಟ್ಟೆ. ಓದಿದರು. "ರುಬ್ಬೋದು ನಂಗೆ ಬರಲ್ಲ" ಅಂದರು. ಮಿಕ್ಸಿ ಗುಂಡಿ ಒತ್ತೋಕೆ ಬರಲ್ವಾ ಅಂತ ಆವತ್ತೇ ಕಲಿಸಿದೆ.

ಅಮ್ಮನಿಗೆ ಫೋನ್ ಮಾಡಿ ಅಂಗಡಿ ವಿಷಯ ಹೇಳಿದೆ. "ಬಂದ ಲಕ್ಷ್ಮೀನ ಬ್ಯಾಡ ಅನ್ನಬಾರದವ್ವ" ಅಂದಳು ಮೊದಲು. ಎಂಟು ತಾಸು ನಿಂತೇ ಇರಬೇಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಿಂತ್ಕಂಡು ಮಾಡೋದು ಬ್ಯಾಡ ಬಿಡು. ನಂಗೆ ಕೂತು ಹೊಲಿದೇ ಮಂಡಿ ಹಿಡಕಂಡಾವೆ" ಅಂದಳು. ಏಜೆನ್ಸಿ ದುಡ್ಡಲ್ಲಿ ನಿಂಗೇನು ತಗೊಂಡೆ ಅಂತ ಕೇಳಿದೆ. "ಏಜೆನ್ಸಿ ನಂದೆಲ್ಲಿತ್ತು?" ಅಂತ ಜೋರಾಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, ಹೊಲಿಗೆ ದುಡ್ಡಲ್ಲಿ ಅಪ್ಪಾಜಿಗೆ ಗೊತ್ತಿಲ್ಲದೆ ಪೋಸ್ಟ್ ಆಫೀಸಿನಲ್ಲಿ ಒಂದು ಆರ್‌ಡಿ ಕಟ್ಟುತ್ತಿದ್ದದ್ದನ್ನು ಹೇಳಿದಳು. ಈ ವಿಷಯ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ತಮ್ಮನಿಗೂ ಹೇಳಬೇಡ ಅಂದಿದ್ದಾಳೆ. ಅವನು ಇದನ್ನು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆದಿದ್ದೀನಿ.

ಅಂಗಡಿ ಅಣ್ಣನಿಗೆ ಶನಿವಾರ ಆಗಲ್ಲ ಅಂತ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಮೈಸೂರು ಕಡೆಯ ಒಬ್ಬ ಎಂ.ಎಸ್. ವಿದ್ಯಾರ್ಥಿ ಸಿಕ್ಕಿದ್ದಾನೆ. ಅವನಿಗೆ ನಿಜಕ್ಕೂ ಸಾಲದು. ಅಂಗಡಿಗೆ ಹೋದಾಗ ಅವನಿಗೆ ಆ ಕೊನೆಯ ಹಾಳೆಯ ವಿಷಯ ಹೇಳಿದೆ. "ಅಕ್ಕ, ಹದಿನಾರು ಯೂರೋ ಅಂದ್ರೆ ನಂಗೆ ನಾಲ್ಕು ದಿನದ ಊಟ" ಅಂದ. ಅವನ ಲೆಕ್ಕವೂ ಸರಿಯೇ. ನಾನು ಮತ್ತೆ ಮಾತಾಡಲಿಲ್ಲ.

ತಮ್ಮನಿಗೂ ಹೇಳಿದೆ, ಮಹಡಿಗೆ ಈ ವರ್ಷ ನನ್ನಿಂದ ಏನೂ ಇಲ್ಲ ಅಂತ. "ನಾನೇನು ಕೇಳಿದ್ನಾ ಅಕ್ಕ?" ಅಂದ. ಕೇಳಿರಲಿಲ್ಲ, ನಿಜ. ಆಮೇಲೆ, "ಪಿಲ್ಲರ್ ಮಟ್ಟ ಎತ್ತಿ ಕಂಬಿ ಹಂಗೇ ಬಿಟ್ಟಿರ್ತೀನಿ, ಮುಂದೆ ನೋಡಾಣ" ಅಂದ. ಕಂಬಿಯ ರೇಟೂ ಹೇಳಿದ.