ನೀರು ಬಿಟ್ಟರೆ ನೋವು ಬಿಡುತ್ತದೆಯೆಂದು ನಂಬಿದ್ದ ವರ್ಷಗಳು

ಕೋಲಾರದಿಂದ ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರ ಶಾಲೆಗೆ ನಾನು ಹನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಹಿಂತಿರುಗುವಾಗ ಸಂಜೆ ಐದೂವರೆಯಾಗುತ್ತಿತ್ತು. ಶಾಲೆಯಲ್ಲಿದ್ದ ಒಂದೇ ಶೌಚಾಲಯಕ್ಕೆ ನೀರಿನ ಸಂಪರ್ಕವಿರಲಿಲ್ಲ. ಹೀಗಾಗಿ ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟದ ನಡುವೆ ಅರ್ಧ ಲೋಟ ನೀರು, ಅಷ್ಟರಲ್ಲೇ ಹಗಲು ಕಳೆಯುವುದನ್ನು ನಾನು ಅಭ್ಯಾಸ ಮಾಡಿಕೊಂಡೆ. ನನ್ನ ತರಗತಿಯ ಹೆಣ್ಣುಮಕ್ಕಳೂ ಅದನ್ನೇ ಮಾಡುತ್ತಿದ್ದರು. ಬೆಳಿಗ್ಗೆ ತುಂಬಿಕೊಂಡು ಬಂದ ಬಾಟಲಿ ಸಂಜೆ ಹಾಗೆಯೇ ಮನೆಗೆ ಹೋಗುತ್ತಿತ್ತು. ಆಗ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲವೆಂಬುದು ಈಗಲೂ ನನ್ನನ್ನು ನೋಯಿಸುತ್ತದೆ.

ಮೂವತ್ತಾರನೆಯ ವಯಸ್ಸಿನಲ್ಲಿ ಕಿಬ್ಬೊಟ್ಟೆಯ ನೋವು ಶುರುವಾಯಿತು. ಮೂತ್ರಕೋಶ ತುಂಬುತ್ತಾ ಬಂದಂತೆ ನೋವು ಏರುವುದು, ಹೋಗಿ ಬಂದ ಮೇಲೆ ಸ್ವಲ್ಪ ಇಳಿಯುವುದು, ಮತ್ತೆ ಅರ್ಧ ಗಂಟೆಯಲ್ಲಿ ಹಾಜರಾಗುವುದು. ಉರಿಮೂತ್ರವೆಂದರು, ಸೋಂಕೆಂದರು, ಮೂರು ನಾಲ್ಕು ಸಲ ಆ್ಯಂಟಿಬಯೋಟಿಕ್ ಕೊಟ್ಟರು. ಆದರೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದಾಗಲೆಲ್ಲ ಯಾವ ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಕೊನೆಗೆ ಬೆಂಗಳೂರಿನ ಮೂತ್ರರೋಗ ತಜ್ಞರೊಬ್ಬರು ಇದಕ್ಕೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್, ಅಥವಾ ಬ್ಲಾಡರ್ ಪೇನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಸೋಂಕಾಗಲಿ ಬೇರೆ ಕಾರಣವಾಗಲಿ ಸಿಗದೆ, ಮೂತ್ರಕೋಶದ ನೋವು ಆರು ವಾರಕ್ಕಿಂತ ಹೆಚ್ಚು ಕಾಲ ಉಳಿದರೆ ಈ ಕಾಯಿಲೆಯನ್ನು ಶಂಕಿಸುತ್ತಾರೆ. 1915ರಲ್ಲಿ ಅಮೆರಿಕದ ವೈದ್ಯ ಗೈ ಹನ್ನರ್ ಇಂಥ ರೋಗಿಗಳ ಮೂತ್ರಕೋಶದ ಒಳಗೋಡೆಯ ಹುಣ್ಣುಗಳನ್ನು ವಿವರಿಸಿದ್ದರು, ಆ ಗಾಯಗಳಿಗೆ ಇಂದಿಗೂ ಅವರದೇ ಹೆಸರಿದೆ. ಹೆಚ್ಚಿನವರಲ್ಲಿ ಅಂಥ ಹುಣ್ಣು ಕಾಣುವುದಿಲ್ಲ, ನನ್ನಲ್ಲೂ ಕಾಣಲಿಲ್ಲ.

ಆ ತಜ್ಞರು ಮಾತ್ರೆಗಿಂತ ಮೊದಲು ಒಂದು ಅಳತೆಯ ಲೋಟವನ್ನು ಕೊಳ್ಳಲು ಹೇಳಿದರು. ಮೂರು ದಿನ ಕುಡಿದದ್ದನ್ನೂ ಹೊರಹೋದದ್ದನ್ನೂ ಗಂಟೆಯ ಸಮೇತ ಬರೆದಿಡಬೇಕಿತ್ತು. ಬರೆದು ನೋಡಿದಾಗ ನಾನು ಇಡೀ ದಿನಕ್ಕೆ ಕುಡಿಯುತ್ತಿದ್ದುದು, ಕಾಫಿಯೂ ಸೇರಿ, 700 ಮಿಲಿಲೀಟರ್ ದಾಟುತ್ತಿರಲಿಲ್ಲ. ಹೋಗುತ್ತಿದ್ದುದು ಮಾತ್ರ ಹದಿನೆಂಟು ಸಲ, ಒಂದೊಂದು ಸಲಕ್ಕೆ ನಲವತ್ತು ಐವತ್ತು ಮಿಲಿಲೀಟರ್, ಬಣ್ಣ ಕಡು ಹಳದಿ. ಆರೋಗ್ಯವಂತ ಮೂತ್ರಕೋಶ ನಾನೂರು ಮಿಲಿಲೀಟರಿನಷ್ಟನ್ನು ಸಲೀಸಾಗಿ ಹಿಡಿದಿಡುತ್ತದೆ.

ನೋವು ಬಂದಾಗಲೆಲ್ಲ ನಾನು ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತಿದ್ದೆ. ತುಂಬಿದರೆ ತಾನೇ ನೋವು, ತುಂಬದಂತೆ ನೋಡಿಕೊಂಡರಾಯಿತು ಎಂಬ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತೆಂದು ವೈದ್ಯರು ವಿವರಿಸಿದ್ದು ಹೀಗೆ: ಮೂತ್ರಕೋಶದ ಒಳಮೈಗೆ ಒಂದು ತೆಳುವಾದ ರಕ್ಷಣಾ ಪದರವಿರುತ್ತದೆ, ಈ ಕಾಯಿಲೆಯುಳ್ಳ ಹಲವರಲ್ಲಿ ಆ ಪದರ ಹಾಳಾಗಿರುತ್ತದೆಂದೂ, ಮೂತ್ರದಲ್ಲಿರುವ ಪೊಟ್ಯಾಸಿಯಂನಂಥ ಲವಣಗಳು ಒಳಗಿನ ಜೀವಕೋಶಗಳಿಗೂ ನರಗಳಿಗೂ ತಗುಲಿ ಕೆರಳಿಸುತ್ತವೆಂದೂ ಭಾವಿಸಲಾಗಿದೆ. ನೀರು ಕಡಿಮೆಯಾದಷ್ಟೂ ಅದೇ ಲವಣ ಕಡಿಮೆ ದ್ರವದಲ್ಲಿ ಗಟ್ಟಿಯಾಗಿ ಕೂರುತ್ತದೆ, ಹಸಿ ಗಾಯದ ಮೇಲೆ ಉಪ್ಪುನೀರು ಬಿದ್ದಂತಾಗುತ್ತದೆ. ನೋವು ತಪ್ಪಿಸಲೆಂದು ವರ್ಷಗಟ್ಟಲೆ ಮಾಡಿದ್ದೇ ನೋವನ್ನು ಸಾಕಿತ್ತು.

ಇದು ತಿಳಿದ ಉತ್ಸಾಹದಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಶಾಲೆಯಿಂದ ಬಂದವಳೇ ಒಂದು ಲೀಟರ್ ನೀರನ್ನು ಗಟಗಟನೆ ಕುಡಿದುಬಿಟ್ಟೆ. ಮುಕ್ಕಾಲು ಗಂಟೆಯಲ್ಲಿ ಮೂತ್ರಕೋಶ ಬಿಗಿದು, ಆ ರಾತ್ರಿ ಕಂಡಷ್ಟು ನೋವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಗಟ್ಟಿ ಮೂತ್ರ ಕೆರಳಿಸುವ ಹಾಗೆಯೇ ಒಮ್ಮೆಲೇ ಹಿಗ್ಗುವುದೂ ಕೆರಳಿಸುತ್ತದೆ. ಈಗ ಒಂದೂವರೆ ಗಂಟೆಗೊಮ್ಮೆ ಒಂದು ಸಣ್ಣ ಲೋಟ, ಸುಮಾರು 150 ಮಿಲಿಲೀಟರ್, ಅದನ್ನೂ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಊಟದ ಜೊತೆಗಿನದು ಸೇರಿ ದಿನಕ್ಕೆ ಒಂದೂವರೆ ಲೀಟರಿನಷ್ಟಾಗುತ್ತದೆ. ಬೇಸಿಗೆಯಲ್ಲಿ ಬೆವರು ಹೋದಷ್ಟು ಹೆಚ್ಚಿಸುತ್ತೇನೆ. ರಾತ್ರಿ ಎಂಟರ ನಂತರ ಬಾಯಿ ಒದ್ದೆಯಾಗುವಷ್ಟು ಮಾತ್ರ. ಮೂತ್ರದ ಬಣ್ಣ ಒಣಹುಲ್ಲಿನ ತಿಳಿ ಹಳದಿಯಲ್ಲಿದ್ದರೆ ಸಾಕೆಂಬುದು ನನಗೆ ಲೀಟರಿಗಿಂತ ಸುಲಭದ ಅಳತೆ.

ನಮ್ಮ ಜಿಲ್ಲೆಯಲ್ಲಿ ಇಂಥ ನೋವೆಂದೊಡನೆ ಬೋರ್‌ವೆಲ್ ನೀರನ್ನು ದೂರುವುದು ಸಹಜ. ನಾನೂ ಫ್ಲೋರೈಡೇ ಕಾರಣವೆಂದುಕೊಂಡಿದ್ದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ, ಆದ್ದರಿಂದ ಶುದ್ಧ ನೀರಿನ ಘಟಕದ ಕ್ಯಾನ್ ತರುವುದು ಸರಿಯೇ. ಆದರೆ ನನ್ನ ನೋವಿಗೂ ಅದಕ್ಕೂ ಸಂಬಂಧ ಸಿಗಲಿಲ್ಲ; ಕ್ಯಾನ್ ನೀರನ್ನು ಕಡಿಮೆ ಕುಡಿದಾಗಲೂ ನೋವು ಅಷ್ಟೇ ಇತ್ತು.

ಯಾವ ದ್ರವವೆಂಬುದು ಮಾತ್ರ ನಿಜಕ್ಕೂ ದೊಡ್ಡ ವಿಷಯ. ಕಿಬ್ಬೊಟ್ಟೆ ಉರಿಯುತ್ತದೆಂದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, ‘ಉಷ್ಣವಾಗಿದೆ, ನಿಂಬೆಹಣ್ಣಿನ ಪಾನಕ ಕುಡಿ’. ನನ್ನತ್ತೆ ಅದನ್ನು ಎಷ್ಟು ಅಕ್ಕರೆಯಿಂದ ಮಾಡಿ ಕೊಡುತ್ತಿದ್ದರೆಂದರೆ ಬೇಡವೆನ್ನಲು ಮನಸ್ಸು ಬರುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ನಿಂಬೆ, ಕಿತ್ತಳೆ, ಕಾಫಿ, ಚಹಾ, ಸೋಡಾ, ಖಾರ, ಟೊಮೆಟೊ ಹಲವರಿಗೆ ನೋವನ್ನು ಕೆರಳಿಸುತ್ತವೆ. ಟೊಮೆಟೊ ಮಾರುಕಟ್ಟೆಗೆ ಹೆಸರಾದ ಕೋಲಾರದಲ್ಲಿದ್ದುಕೊಂಡು ಟೊಮೆಟೊ ಸಾರು ಬಿಡುವುದು ಕಾಫಿ ಬಿಟ್ಟದ್ದಕ್ಕಿಂತ ಕಷ್ಟವಾಯಿತು. ಎಲ್ಲವನ್ನೂ ಮೂರು ವಾರ ನಿಲ್ಲಿಸಿ, ನಂತರ ಒಂದೊಂದನ್ನೇ ಮೂರು ದಿನಗಳ ಅಂತರದಲ್ಲಿ ಮರಳಿ ತಂದು ನೋಡಿದೆ. ನನಗೆ ಕಾಫಿ, ನಿಂಬೆ, ಹುಳಿ ಮಜ್ಜಿಗೆ ಆಗುವುದಿಲ್ಲ. ಅಂದು ಕಡೆದ ಮಜ್ಜಿಗೆಯನ್ನು ನೀರಾಗಿಸಿಕೊಂಡರೆ ಆಗುತ್ತದೆ, ಹಾಲು ಬೆರೆಸಿದ ರಾಗಿ ಗಂಜಿ ಆಗುತ್ತದೆ, ಜೀರಿಗೆ ನೀರು ಆಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಅರ್ಧ ಕಾಯಿಯ ಮೇಲೆ ಕುಡಿದರೆ ಸಂಜೆಗೆ ಉರಿ ತಿಳಿಯುತ್ತದೆ. ಇನ್ನೊಬ್ಬರ ಪಟ್ಟಿ ಬೇರೆಯೇ ಆಗಿರಬಹುದು, ಆದ್ದರಿಂದ ನನ್ನದನ್ನು ಯಾರೂ ಹಾಗೆಯೇ ಪಾಲಿಸಬಾರದು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ನೀರಿನ ಪ್ರಮಾಣವನ್ನು ಬದಲಿಸುವಂತಿಲ್ಲ. ಜ್ವರವೋ ಮೂತ್ರದಲ್ಲಿ ರಕ್ತವೋ ಕಂಡರೆ ಕಾಯದೆ ತೋರಿಸಬೇಕು.

ನೋವು ಪೂರ್ತಿ ಹೋಗಿಲ್ಲ. ಮೊದಲು ತಿಂಗಳಲ್ಲಿ ಹತ್ತು ಹನ್ನೆರಡು ದಿನ ಕೆರಳುತ್ತಿದ್ದುದು ಈಗ ಎರಡು ಮೂರು ದಿನಕ್ಕೆ ಬಂದಿದೆ. ಅಂಥ ದಿನ ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲವಿಟ್ಟುಕೊಂಡು, ಲೋಟದ ಅಳತೆ ತಗ್ಗಿಸಿ, ಅಂತರವನ್ನೂ ತಗ್ಗಿಸುತ್ತೇನೆ, ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಹೋಗಬೇಕೆನಿಸಿದಾಗ ಐದು ನಿಮಿಷ ತಡೆದು, ವಾರ ವಾರಕ್ಕೆ ಆ ಹೊತ್ತನ್ನು ಸ್ವಲ್ಪ ಹೆಚ್ಚಿಸುವ ಅಭ್ಯಾಸವನ್ನು ನೋವಿಲ್ಲದ ದಿನಗಳಿಗೆ ಇಟ್ಟುಕೊಂಡಿದ್ದೇನೆ. ಈಗಿನ ಶಾಲೆಯ ಶೌಚಾಲಯದಲ್ಲಿ ನಲ್ಲಿಯಿದೆ, ಬಾಗಿಲಿಗೆ ಚಿಲಕವಿದೆ. ಮೂರನೆಯ ಪೀರಿಯಡ್ ಮುಗಿದೊಡನೆ ನಾನು ಬಾಟಲಿ ತೆರೆದು ಮಕ್ಕಳ ಎದುರಿಗೇ ಕುಡಿಯುತ್ತೇನೆ, ಅವರ ಬಾಟಲಿಗಳನ್ನೂ ಬೆಂಚಿನ ಮೇಲೆ ಇಡಿಸುತ್ತೇನೆ.