ಒಬ್ಬರಿಗೆ ‘ಎಲ್ಲವನ್ನೂ ಬಿಡು’, ಇನ್ನೊಬ್ಬರಿಗೆ ‘ಮನೆಗೆ ಹೋಗು’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಸ್ನೇಹಿತರು, ಹಿಂದೆ ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡಿದವರು, ಈಚೆಗೆ ನಮ್ಮದೇ ಇಗರ್ಜಿಯ ಯುವಕರು ಕೂಡ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. “ಮಾಸ್ಟ್ರೇ, ಒಬ್ಬಳು ಹುಡುಗಿ ಮನೆ, ಮದುವೆ, ಆಸ್ತಿ ಎಲ್ಲ ಬಿಟ್ಟು ಸಿಸ್ಟರ್ ಆಗಿ ಎಲ್ಲಿಗೋ ಹೋಗುತ್ತಾಳೆ. ಅವಳ ಅಣ್ಣ ಅಡಿಕೆ ತೋಟ, ಕಾರು, ಹೆಂಡತಿ ಮಕ್ಕಳ ಜೊತೆ ಇದ್ದುಕೊಂಡು ಭಾನುವಾರ ಬಲಿಪೂಜೆಗೆ ಬಂದು ಹೋಗುತ್ತಾನೆ. ಇಬ್ಬರೂ ಒಳ್ಳೆಯ ಕ್ರೈಸ್ತರೇ ಎನ್ನುತ್ತೀರಿ. ಒಂದೇ ದೇವರು ಒಬ್ಬರಿಂದ ಅಷ್ಟು, ಇನ್ನೊಬ್ಬರಿಂದ ಇಷ್ಟೇ ಕೇಳುವುದು ಯಾವ ನ್ಯಾಯ?”

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಇದನ್ನು ಇಗರ್ಜಿಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ವ್ಯವಸ್ಥೆ ಎಂದು ಭಾವಿಸಿರುತ್ತಾರೆ. ಆದರೆ ಈ ಏರುಪೇರು ಯೇಸುವಿನ ಜೀವನ, ಬೋಧನೆಯನ್ನು ಹೇಳುವ ಶುಭಸಂದೇಶದಲ್ಲೇ ಇದೆ, ಅದೂ ಮುಚ್ಚುಮರೆಯಿಲ್ಲದೆ. ಲೂಕನ 18ನೆಯ ಅಧ್ಯಾಯದಲ್ಲಿ, ನಿತ್ಯಜೀವಕ್ಕಾಗಿ ತಾನೇನು ಮಾಡಬೇಕೆಂದು ಕೇಳಿ ಬಂದ ಸಿರಿವಂತನಿಗೆ ಯೇಸು, ನಿನಗಿರುವುದನ್ನೆಲ್ಲ ಮಾರಿ ಬಡವರಿಗೆ ಹಂಚಿ ಬಂದು ನನ್ನನ್ನು ಹಿಂಬಾಲಿಸು ಎನ್ನುತ್ತಾರೆ; ಆತ ಅದನ್ನು ಕೇಳಿ ದುಃಖಪಡುತ್ತಾನೆ. ಮರು ಅಧ್ಯಾಯದಲ್ಲೇ ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯ, ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ, ಯೇಸು ಈ ಮನೆಗೆ ಇಂದು ರಕ್ಷಣೆ ಬಂದಿತು ಎಂದು ಸಾರುತ್ತಾರೆ. ಉಳಿದ ಅರ್ಧ ಎಲ್ಲಿ ಎಂದು ವಿಚಾರಿಸುವುದಿಲ್ಲ.

ಇನ್ನೂ ವಿಚಿತ್ರವಾದ ಜೋಡಿಯೊಂದಿದೆ. ತಂದೆಯನ್ನು ಹೂಣಿಟ್ಟು ಬರುತ್ತೇನೆ ಎಂದವನಿಗೆ, ಸತ್ತವರು ತಮ್ಮ ಸತ್ತವರನ್ನು ಹೂಣಿಡಲಿ ಎಂಬ ಕಠೋರ ಉತ್ತರ. ಮನೆಯವರಿಗೆ ಒಂದು ಮಾತು ಹೇಳಿ ಬರುತ್ತೇನೆ ಎಂದವನಿಗೂ ಅಷ್ಟೇ ಕಠಿಣವಾದ ಮಾತು. ಆದರೆ ಮಾರ್ಕನ 5ನೆಯ ಅಧ್ಯಾಯದಲ್ಲಿ, ದೆವ್ವಗಳ ಕಾಟದಿಂದ ಬಿಡುಗಡೆ ಪಡೆದು ದೋಣಿಯ ಬಳಿ ನಿಂತು ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ಅಂಗಲಾಚಿದವನನ್ನು ಯೇಸು ಹತ್ತಿಸಿಕೊಳ್ಳುವುದಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎನ್ನುತ್ತಾರೆ. ಬಿಡಲಾರದವನಿಗೆ ಬಿಡು, ಬಿಟ್ಟು ಬರಲು ಸಿದ್ಧನಾದವನಿಗೆ ಹಿಂದೆ ಹೋಗು. ಈ ಎರಡನೆಯವನಿಗೆ ಸುಲಭದ ದಾರಿ ಸಿಕ್ಕಿತು ಎನ್ನುವವರು ಅವನ ಹಿನ್ನೆಲೆಯನ್ನು ಗಮನಿಸಬೇಕು: ಅವನನ್ನು ಸರಪಣಿಯಿಂದ ಕಟ್ಟಿ ಹಾಕಿದ್ದ ಸೀಮೆ ಅದು, ಗೋರಿಗಳ ನಡುವೆ ಬೆತ್ತಲೆ ಅಲೆದವನೆಂದು ಅವನನ್ನು ಬಲ್ಲ ಜನ ಅವರು. ಹೊಸ ಗುರುವಿನ ಜೊತೆ ದೋಣಿ ಹತ್ತಿ ಯಾರೂ ಗುರುತಿಸದ ಊರಿಗೆ ಹೋಗುವುದೇ ಅವನಿಗೆ ಹಗುರವಾಗಿತ್ತು ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಉಳಿಯುವುದು ಅವನ ಪಾಲಿನ ತ್ಯಾಗ.

ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ಕ್ರೈಸ್ತ ಬೋಧನೆಯ ಪ್ರಕಾರ ವಿಶ್ವಾಸಿಯ ತ್ಯಾಗ ರಕ್ಷಣೆಗೆ ತೆರುವ ಬೆಲೆಯಲ್ಲ. ಬೆಲೆಯಾಗಿದ್ದರೆ ಎಲ್ಲರಿಗೂ ಒಂದೇ ದರವಿರಬೇಕಿತ್ತು, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಡಿಮೆ ಎಂದರೆ ಅದು ನಿಸ್ಸಂದೇಹವಾಗಿ ಅನ್ಯಾಯವಾಗುತ್ತಿತ್ತು. ಆದರೆ ಬಲಿ ಒಮ್ಮೆಗೇ, ಎಲ್ಲರಿಗಾಗಿ, ಕ್ರಿಸ್ತನಿಂದ ಸಂದಾಯವಾಗಿದೆ ಎಂಬುದು ಹಿಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯದ ತಿರುಳು. ಹಾಗಿದ್ದರೆ ನಮ್ಮಿಂದ ಕೇಳುವುದೇನು? ರೋಮನರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಆರಂಭದಲ್ಲಿ ಪೌಲ, ನಿಮ್ಮನ್ನೇ ಜೀವಂತ ಬಲಿಯಾಗಿ ಅರ್ಪಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತಾನೆ. ಕೆಲವೇ ವಾಕ್ಯಗಳ ನಂತರ, ಒಬ್ಬೊಬ್ಬರಿಗೆ ಒಂದೊಂದು ವರವಿದೆ, ಬೋಧಿಸುವವನು ಬೋಧಿಸಲಿ, ದಾನ ಮಾಡುವವನು ಉದಾರವಾಗಿ ಕೊಡಲಿ ಎನ್ನುತ್ತಾನೆ. ಕೇಳಿಕೆ ಎಲ್ಲರಿಗೂ ಒಂದೇ, ಇಡೀ ಮನುಷ್ಯ ಬೇಕು ಎಂಬುದು. ಆದರೆ ಪ್ರತಿಯೊಬ್ಬನೂ ತನ್ನನ್ನು ಹಿಡಿದಿಟ್ಟಿರುವುದು ಯಾವುದೋ ಅದರಿಂದಲೇ ಬಿಡಿಸಿಕೊಂಡು ಬರಬೇಕಾದ್ದರಿಂದ, ಹೊರಗಿನಿಂದ ನೋಡುವವರಿಗೆ ಒಬ್ಬನ ತ್ಯಾಗ ಇನ್ನೊಬ್ಬನದರಂತೆ ಕಾಣುವುದಿಲ್ಲ. ಆ ಸಿರಿವಂತನನ್ನು ಆಸ್ತಿ ಹಿಡಿದಿತ್ತು. ಜಕ್ಕಾಯನ ಕೈಯಲ್ಲಿ ಇತರರಿಂದ ಕಿತ್ತುಕೊಂಡ ಹಣವಿತ್ತು. ಅವನಿಂದ ಮೊದಲು ಬೇಕಾದದ್ದು ದಾನಕ್ಕಿಂತ ಲೆಕ್ಕ ಚುಕ್ತಾ ಮಾಡುವುದು.

ಬಿಡದೆ ಉಳಿದವರೂ ಈ ಕಥೆಗೆ ಬೇಕಾದವರೇ ಎಂಬುದನ್ನು ಜನ ಮರೆಯುತ್ತಾರೆ. ಲೂಕನ 8ನೆಯ ಅಧ್ಯಾಯದ ಮೊದಲ ಮೂರು ವಾಕ್ಯಗಳ ಪ್ರಕಾರ, ಎಲ್ಲವನ್ನೂ ಬಿಟ್ಟು ಯೇಸುವಿನೊಡನೆ ಊರೂರು ತಿರುಗಿದ ಹನ್ನೆರಡು ಮಂದಿಗೆ ಆಸರೆಯಾದವರು ತಮ್ಮ ಆಸ್ತಿಯಿಂದ ಖರ್ಚು ಮಾಡಿದ ಕೆಲವು ಹೆಂಗಸರು. ಅವರಲ್ಲಿ ಒಬ್ಬಳು ಹೆರೋದನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಹೆಂಡತಿ. ಯೇಸುವಿನ ದೇಹಕ್ಕೆ ಸಮಾಧಿ ಸಿಕ್ಕಿದ್ದೂ ಅರಿಮಥಾಯದ ಜೋಸೆಫನೆಂಬ ಸಿರಿವಂತ ಶಿಷ್ಯ ತನ್ನ ಸಮಾಧಿಯನ್ನು ಬಿಟ್ಟುಕೊಟ್ಟದ್ದರಿಂದ.

ಆಸ್ತಿ ಬಿಡುವುದು ಕಡ್ಡಾಯವಾಗಿರಲಿಲ್ಲ ಎಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ 5ನೆಯ ಅಧ್ಯಾಯಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಅನನೀಯನೆಂಬ ವಿಶ್ವಾಸಿ ಹೊಲ ಮಾರಿ, ಹಣದಲ್ಲಿ ಒಂದು ಪಾಲನ್ನು ಅಡಗಿಸಿಟ್ಟು, ಉಳಿದದ್ದನ್ನು ಪ್ರೇಷಿತರಿಗೆ, ಎಂದರೆ ಯೇಸುವಿನ ಆಪ್ತ ಶಿಷ್ಯರಿಗೆ, ಒಪ್ಪಿಸಿ ಎಲ್ಲವನ್ನೂ ಕೊಟ್ಟಂತೆ ನಟಿಸಿದ. ಆ ಶಿಷ್ಯರಲ್ಲಿ ಪ್ರಮುಖನಾದ ಪೇತ್ರ ಅವನನ್ನು ಗದರಿಸಿದ್ದು ಪೂರ್ತಿ ಕೊಡಲಿಲ್ಲವೆಂದಲ್ಲ: ಮಾರುವ ಮೊದಲು ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಎಂಬುದು ಅವನ ವಾದ. ತಪ್ಪು ಇದ್ದದ್ದು ಸುಳ್ಳಿನಲ್ಲಿ.

ನಮ್ಮ ನೆರೆಹೊರೆಯ ಸ್ನೇಹಿತರು ಇದನ್ನು ಗೃಹಸ್ಥ ಮತ್ತು ಸಂನ್ಯಾಸಿಯ ವ್ಯತ್ಯಾಸವೆಂದು ಅರ್ಥ ಮಾಡಿಕೊಳ್ಳುವುದು ಸಹಜ. ಬಹುಮಟ್ಟಿಗೆ ಅದು ಸಹಾಯಕವೂ ಹೌದು. ಆದರೆ ಇಲ್ಲಿ ಒಂದು ಆಶ್ರಮದಿಂದ ಇನ್ನೊಂದಕ್ಕೆ ಏರುವ ಮೆಟ್ಟಿಲುಗಳಿಲ್ಲ. ಇಲ್ಲ ಎಂದು ನಾನು ಈಗ ಧೈರ್ಯವಾಗಿ ಬರೆಯುತ್ತಿದ್ದರೂ ಧರ್ಮಸಭೆಯೇ ಬಹುಕಾಲ ಮೆಟ್ಟಿಲು ಕಟ್ಟಿತ್ತು ಎಂಬುದನ್ನು ಒಪ್ಪಬೇಕು: ಆಜ್ಞೆಗಳು ಎಲ್ಲರಿಗೆ, ಬಡತನ ಬ್ರಹ್ಮಚರ್ಯ ವಿಧೇಯತೆಯ ಸಲಹೆಗಳು ಪರಿಪೂರ್ಣತೆ ಬಯಸುವವರಿಗೆ ಎಂಬ ವಿಂಗಡಣೆಯಿಂದಾಗಿ, ಸಂಸಾರಿ ಎರಡನೆಯ ದರ್ಜೆಯ ಕ್ರೈಸ್ತ ಎಂಬ ಭಾವನೆ ಬೇರೂರಿತು. 16ನೆಯ ಶತಮಾನದಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಇದನ್ನು ನೇರವಾಗಿ ವಿರೋಧಿಸಿ, ಗೃಹಸ್ಥನ ದುಡಿಮೆಯೂ ದೇವರು ಕೊಟ್ಟ ಕರೆಯೇ ಎಂದ. ತಾನು ಮಠ ಬಿಟ್ಟವನು, 1525ರಲ್ಲಿ ಮದುವೆಯಾದದ್ದು ಮಠ ಬಿಟ್ಟು ಬಂದ ಸಂನ್ಯಾಸಿನಿಯನ್ನು. ಕಥೊಲಿಕರಲ್ಲಿ 1964ರಲ್ಲಿ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ, ಪವಿತ್ರತೆಯ ಕರೆ ಎಲ್ಲ ವಿಶ್ವಾಸಿಗಳಿಗೂ ಇದೆ ಎಂದು ಒಂದು ಇಡೀ ಅಧ್ಯಾಯದಲ್ಲಿ ಸಾರಿತು. ಸಂತರಲ್ಲೂ ಎರಡೂ ಬಗೆಯವರಿದ್ದಾರೆ. ನಮ್ಮ ಗಡಿಯಾಚೆ ಮುಡಿಪುವಿನಲ್ಲಿ ಜನ ಹರಕೆ ಹೊರುವ ಸಂತ ಜೋಸೆಫ್ ವಾಜ್ ಗುರುಗಳು 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಸಿಂಹಳಕ್ಕೆ ಹೋಗಿ, ಅಲ್ಲೇ ದುಡಿದು 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ತಿರುವಾಂಕೂರಿನ ದೇವಸಹಾಯಂ ಪಿಳ್ಳೆ ಮದುವೆಯಾದವರು, ಸರ್ಕಾರಿ ನೌಕರಿಯಲ್ಲಿದ್ದವರು, 1752ರಲ್ಲಿ ಗುಂಡಿಗೆ ಬಲಿಯಾದವರು. ಮೊದಲನೆಯವರನ್ನು 2015ರಲ್ಲಿ, ಎರಡನೆಯವರನ್ನು 2022ರಲ್ಲಿ ಸಂತರೆಂದು ಘೋಷಿಸಲಾಯಿತು. ಬ್ರಹ್ಮಚಾರಿ ಗುರು ಹಾಸಿಗೆಯಲ್ಲಿ, ಸಂಸಾರಿ ಗುಂಡೇಟಿನಲ್ಲಿ: ಯಾರ ತ್ಯಾಗ ದೊಡ್ಡದು ಎಂದು ತೂಗುವುದಕ್ಕೆ ಯಾವ ತಕ್ಕಡಿ ತರೋಣ?

ಇಗರ್ಜಿಯ ಕಾನೂನು ಕೂಡ ಎಲ್ಲರನ್ನೂ ಸಮನಾಗಿ ಕಾಣುವುದಿಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಗೆ, ಅದೂ 59 ತುಂಬುವವರೆಗೆ ಮಾತ್ರ. ಮಾಂಸ ಬಿಡುವ ನಿಯಮ 14 ತುಂಬಿದ ಮೇಲೆ. ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿಯಿದೆ. ಇದನ್ನು ಯಾರೂ ಅನ್ಯಾಯವೆಂದು ಕರೆದದ್ದನ್ನು ನಾನು ಕೇಳಿಲ್ಲ.

ಆದರೆ ಪ್ರಶ್ನೆಯ ನಿಜವಾದ ಮುಳ್ಳು ಇರುವುದು ಬೇರೆ ಕಡೆ. ‘ನಿನ್ನ ಕರೆ ಬೇರೆ, ನನ್ನ ಕರೆ ಬೇರೆ’ ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ನೋಡಿ. ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಅಂತೋನಿ ಎಂಬ ಯುವಕ ಆ ಸಿರಿವಂತನ ಕಥೆಯನ್ನು ಇಗರ್ಜಿಯಲ್ಲಿ ಕೇಳಿ, ಪಿತ್ರಾರ್ಜಿತ ಭೂಮಿಯನ್ನು ಬಿಟ್ಟುಕೊಟ್ಟು ತಪಸ್ಸಿಗೆ ಹೋದ. ಕ್ರೈಸ್ತ ಸಂನ್ಯಾಸದ ಪರಂಪರೆಯಲ್ಲಿ ಅವನದು ಬಹು ದೊಡ್ಡ ಹೆಸರು. ಅವನಿಗೊಬ್ಬಳು ತಂಗಿಯಿದ್ದಳು, ಇನ್ನೂ ಚಿಕ್ಕವಳು. ಅವಳ ಪಾಲಿಗೆಂದು ಇಟ್ಟಿದ್ದ ಸ್ವಲ್ಪ ಹಣವನ್ನೂ ಆಮೇಲೆ ಹಂಚಿ, ಅವಳನ್ನು ವ್ರತನಿಷ್ಠ ಕನ್ಯೆಯರ ಸುಪರ್ದಿಗೆ ಒಪ್ಪಿಸಿದ ಎಂದು ಅವನ ಚರಿತ್ರೆ ಬರೆದ ಅಥನಾಸಿಯುಸ್ ಹೇಳುತ್ತಾನೆ. ಅವಳನ್ನು ಯಾರಾದರೂ ಕೇಳಿದರೇ ಎಂಬ ಮಾತು ಅಲ್ಲಿಲ್ಲ. ಅಣ್ಣನ ತ್ಯಾಗವನ್ನು ಅಣ್ಣನೇ ಆರಿಸಿಕೊಂಡ, ತಂಗಿಯ ತ್ಯಾಗವನ್ನೂ ಅಣ್ಣನೇ ಆರಿಸಿದ. ನಮ್ಮ ಮನೆಗಳಲ್ಲಿ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲೆಂದು ಮದುವೆಯಿಲ್ಲದೆ ಉಳಿದ ಹೆಣ್ಣುಮಕ್ಕಳ ಬಗ್ಗೆ ‘ಅದು ಅವಳ ಶಿಲುಬೆ’ ಎಂದು ಗಲ್ಫಿನಲ್ಲಿರುವ ತಮ್ಮಂದಿರು ಹೇಳುವುದನ್ನು ಕೇಳಿದಾಗ ನನಗೆ ಆ ತಂಗಿ ನೆನಪಾಗುತ್ತಾಳೆ.

ಎಣ್ಮಕಜೆ, ಪಡ್ರೆ ಕಡೆಯ ತಾಯಂದಿರ ವಿಷಯದಲ್ಲಂತೂ ಈ ಮಾತನ್ನು ಆಡಲೇಬಾರದು. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಸೀಮೆ ಇದು. ಎದ್ದು ಕೂರಲಾರದ ಮಕ್ಕಳನ್ನು ಪ್ರಾಯಕ್ಕೆ ಬಂದ ಮೇಲೂ ಎತ್ತಿಕೊಂಡೇ ಸಾಕುತ್ತಿರುವ ತಾಯಂದಿರ ಸಹನೆ ದೊಡ್ಡದು, ಆದರೆ ಅದನ್ನು ದೇವರು ಅವರಿಗೆಂದೇ ಆರಿಸಿದ ತ್ಯಾಗ ಎನ್ನುವುದು ವಿಷ ಸುರಿದವರ ಹೊಣೆಯನ್ನು ದೇವರ ತಲೆಗೆ ಕಟ್ಟಿದಂತೆ. ಆ ಕುಟುಂಬಗಳಿಗೆ ಬೇಕಾಗಿದ್ದದ್ದು ಪರಿಹಾರ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿದ ಮೇಲೂ ಎಷ್ಟೋ ಮಂದಿ ವರ್ಷಗಟ್ಟಲೆ ಕಾಯಬೇಕಾಯಿತು.

ಇಲ್ಲಿ ಯೊವಾನ್ನನ ಕೊನೆಯ ಅಧ್ಯಾಯವನ್ನು ಎತ್ತಿ ತೋರಿಸುವವರಿದ್ದಾರೆ. ಪುನರುತ್ಥಾನದ ನಂತರ, ಯೇಸು ಪೇತ್ರನಿಗೆ ಅವನ ಮರಣದ ರೀತಿಯನ್ನು ಸೂಚಿಸಿದಾಗ ಅವನು ಹಿಂದಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ, ಇವನ ಗತಿಯೇನು ಎನ್ನುತ್ತಾನೆ. ಅದು ನಿನಗೇಕೆ, ನೀನು ನನ್ನನ್ನು ಹಿಂಬಾಲಿಸು ಎಂಬುದು ಅವನಿಗೆ ಸಿಕ್ಕ ಉತ್ತರ. ಪರಂಪರೆಯ ಪ್ರಕಾರ ಪೇತ್ರ ರೋಮಿನಲ್ಲಿ ಶಿಲುಬೆಗೇರಿದ, ಆ ಇನ್ನೊಬ್ಬ ಶಿಷ್ಯ ಯೊವಾನ್ನ ಎಫೆಸದಲ್ಲಿ ಮುದುಕನಾಗಿ ಸತ್ತ. ಈ ವ್ಯತ್ಯಾಸಕ್ಕೆ ಯೇಸು ಕಾರಣ ಕೊಡಲಿಲ್ಲ. ಆದರೆ ಈ ಉತ್ತರ ಹೋಲಿಸಿ ನೋಡಿದವನಿಗೆ ಕೊಟ್ಟದ್ದು, ನ್ಯಾಯ ಕೇಳಿ ಬಂದವರಿಗಲ್ಲ. ಜೆರುಸಲೇಮಿನಲ್ಲಿ ಗ್ರೀಕ್ ಮಾತಾಡುವವರು ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಎಂದು ಗೊಣಗಿದಾಗ ಪ್ರೇಷಿತರು ಅದು ನಿಮಗೇಕೆ ಎನ್ನಲಿಲ್ಲ, ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ನೇಮಿಸಿದರು. ಕೊರಿಂಥದವರಿಂದ ವಂತಿಗೆ ಕೇಳುವಾಗ ಪೌಲನೂ, ಇತರರಿಗೆ ಆರಾಮ ನಿಮಗೆ ಹೊರೆ ಆಗಬೇಕೆಂದು ಇದನ್ನು ಹೇಳುತ್ತಿಲ್ಲ, ಸಮಾನತೆ ಇರಲೆಂದು ಹೇಳುತ್ತಿದ್ದೇನೆ ಎಂದು ಬರೆದ.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತದೆ: ಹಾಗಾದರೆ ಪ್ರತಿಯೊಬ್ಬನೂ ತನಗೆ ಹಗುರವಾದದ್ದೇ ತನ್ನ ಕರೆ ಎಂದು ಹೇಳಿಕೊಳ್ಳಬಹುದಲ್ಲ? ಹೇಳಿಕೊಳ್ಳಬಹುದು, ಹೇಳಿಕೊಳ್ಳುತ್ತಾರೆ ಕೂಡ. ಸಿಸ್ಟರ್ ಆಗಲು ಹೊರಟ ಹುಡುಗಿಯ ಮಾತನ್ನು ಧರ್ಮಸಭೆ ಸುಲಭಕ್ಕೆ ನಂಬುವುದಿಲ್ಲ; ಕನಿಷ್ಠ 12 ತಿಂಗಳ ನವಶಿಷ್ಯತ್ವ ಎಂಬ ತರಬೇತಿ, ಆಮೇಲೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ತಾತ್ಕಾಲಿಕ ವ್ರತ, ಅವಧಿ ಮುಗಿದಾಗ ಬಿಟ್ಟು ಹೋಗುವ ಸ್ವಾತಂತ್ರ್ಯ, ಇವೆಲ್ಲ ಆದ ಮೇಲೆ ಕಡೆಯ ವ್ರತ. ಅವಳ ಅಣ್ಣನಿಗೆ ಇಂಥ ಪರೀಕ್ಷೆ ಏರ್ಪಡಿಸಿದವರು ಯಾರೂ ಇಲ್ಲ, ಇದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದಿಷ್ಟು: ತಂಗಿ ಬಿಟ್ಟದ್ದನ್ನು ಅಣ್ಣನೂ ಬಿಡಬೇಕೆಂದು ಕೇಳಬೇಡಿ. ತಂಗಿಯ ಪಾಲಿನ ಜಾಗ ಯಾರ ಹೆಸರಿಗೆ ಹೋಯಿತು, ಅಡಿಕೆ ಸುಲಿಯಲು ಬರುವವರಿಗೆ ಕೂಲಿ ಎಷ್ಟು ಸಿಗುತ್ತದೆ, ತಂದೆತಾಯಿಯ ರಾತ್ರಿಯ ಆರೈಕೆ ಯಾರ ಪಾಲಿಗೆ ಬಿದ್ದಿದೆ ಎಂಬುದನ್ನು ಅವನಲ್ಲಿ ಕೇಳಬಹುದು.