ಕೋವಿಯನ್ನು ಮಗಳ ಹೆಸರಿಗೆ ಮಾಡುವ ತೀರ್ಮಾನ

2025 ನವೆಂಬರ್ 16, ಭಾನುವಾರ
ತೀರ್ಥಹಳ್ಳಿ ತಾಲ್ಲೂಕು

ಕೋವಿಯ ಪರವಾನಗಿ ನವೀಕರಣದ ಅರ್ಜಿಯೊಂದಿಗೆ ಲಗತ್ತಿಸಬೇಕಾದ ವೈದ್ಯಕೀಯ ಪ್ರಮಾಣಪತ್ರಕ್ಕೆ ಮೊನ್ನೆ ಶುಕ್ರವಾರ ವೈದ್ಯರು ಸಹಿ ಹಾಕಿಕೊಡಲು ಸಿದ್ಧರಿದ್ದರು. ಬೇಡವೆಂದು ನಾನೇ ಹೇಳಿ ಎದ್ದು ಬಂದೆ. ಎರಡು ದಿನ ಯೋಚಿಸಿದ ಮೇಲೂ ಆ ತೀರ್ಮಾನ ಸಡಿಲವಾಗಿಲ್ಲ. ಅದರ ಕಾರಣಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ವಯಸ್ಸಿನವರು, ಅಟ್ಟದ ಕೆಳಗೆ ಇನ್ನೂ ಕೋವಿ ತೂಗುಹಾಕಿಕೊಂಡಿರುವ ಮಲೆನಾಡಿನ ಹಿರಿಯರು, ಇದನ್ನು ಓದಬೇಕೆಂಬ ಆಸೆ ನನಗಿದೆ.

ನನಗೀಗ 78 ವರ್ಷ. ಕೇಪಿನ ಕೋವಿಗೆ ಮದ್ದು ಜಡಿಯುವುದನ್ನು ಅಪ್ಪ ಕಲಿಸಿದಾಗ ನಾನಿನ್ನೂ ಶಾಲೆಯ ಹುಡುಗ. ಮೊದಮೊದಲು ಪ್ರಾಣಿಗಳನ್ನು ಎಬ್ಬಿಸಿ ಓಡಿಸುವ ಸೋವಿನವರ ಜೊತೆ ಕೂಗುತ್ತಾ ಹಳು (ದಟ್ಟ ಪೊದೆ) ನುಗ್ಗುವ ಕೆಲಸ. ಕೆಲವು ವರ್ಷ ಅದನ್ನು ಮಾಡಿ, ಹಿರಿಯರಿಗೆ ನಂಬಿಕೆ ಬಂದ ಮೇಲಷ್ಟೇ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಓಡಿಬರುವ ಪ್ರಾಣಿಗೆ ಕಾಯುವ ಜಾಗದಲ್ಲಿ, ನಿಲ್ಲುವ ಅವಕಾಶ. ಬೆಳದಿಂಗಳ ರಾತ್ರಿಗಳಲ್ಲಿ ಹಣ್ಣು ಉದುರುವ ಮರಗಳ ಬಳಿ ಅಪ್ಪನ ಜೊತೆ ಮರಸು, ಅಂದರೆ ಪ್ರಾಣಿ ಬರುವುದನ್ನು ಕಾಯುತ್ತಾ ಮರೆಯಲ್ಲಿ, ಕೂರುತ್ತಿದ್ದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಹಲವು ಪ್ರಾಣಿಗಳ ಬೇಟೆ ನಿಂತಿತು. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಕಡವೆಗಳು ಕಣ್ಣೆದುರೇ ವಿರಳವಾಗುತ್ತಿದ್ದುದನ್ನು ಕಂಡಿದ್ದ ನನಗೆ ಅದು ಸರಿಯಾದ ಕಾನೂನೆಂದೇ ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ. ಅಲ್ಲಿಂದಾಚೆಗೆ ನಮ್ಮ ಮನೆಯ ಕೋವಿ ಬೆಳೆ ರಕ್ಷಣೆಗೆಂದು ಉಳಿಯಿತು. ಈಡು ನಿಂತರೂ ಕಾಡಿಗೆ ಹೋಗುವುದು ನಿಲ್ಲಲಿಲ್ಲ. ಹೆಜ್ಜೆ ನೋಡುವುದು, ಹಿಕ್ಕೆ ನೋಡುವುದು, ಗಾಳಿಯ ದಿಕ್ಕು ತಿಳಿದು ಕೂರುವುದು, ಇವೆಲ್ಲ ಬೇಟೆಯ ದಿನಗಳಲ್ಲಿ ಹೇಗಿದ್ದವೋ ಹಾಗೆಯೇ ಮುಂದುವರಿದವು.

ಮೊದಲು ಹೋದದ್ದು ಕಿವಿ. ಬಲಗೈಯವನು ಕೋವಿಯ ಹಿಡಿಯನ್ನು ಬಲಭುಜಕ್ಕೆ ಒತ್ತಿ ಕೆನ್ನೆಯಾನಿಸಿದಾಗ ಅವನ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ, ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಕೋವಿಯ ಸದ್ದು 140 ಡೆಸಿಬೆಲ್ ಮೀರುತ್ತದೆಂದೂ, ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವೆಂದೂ ವೈದ್ಯರು ವಿವರಿಸಿದಾಗ, ನನ್ನ ಎಡಗಿವಿಯೇ ಹೆಚ್ಚು ಮಂದವಾದದ್ದೇಕೆಂದು ತಿಳಿಯಿತು. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಬಿಲ್ಲಿಗೆ ನಿಲ್ಲುವವರು ಯಾರೂ ಇರಲಿಲ್ಲ. ಕಿವಿ ಮುಚ್ಚಿಕೊಂಡರೆ ಪ್ರಾಣಿ ಬರುವುದು ತಿಳಿಯುವುದಾದರೂ ಹೇಗೆ?

ಈ ನಷ್ಟವನ್ನು ಬೇಟೆಗಾರನಲ್ಲದವನಿಗೆ ವಿವರಿಸುವುದು ಕಷ್ಟ. ಮಾತು ಕೇಳಿಸುತ್ತದೆ, ದೇವಸ್ಥಾನದ ಗಂಟೆ ಕೇಳಿಸುತ್ತದೆ, ಕಾಡುಕುರಿಯ (ನಾಯಿಯಂತೆ ಬೊಗಳುವ ಸಣ್ಣ ಜಿಂಕೆಯ) ಬೊಗಳೂ ಕೇಳಿಸುತ್ತದೆ. ಕೇಳಿಸದೆ ಹೋಗಿರುವುದು ತೆಳುವಾದ, ಮೊನಚಾದ ಸದ್ದುಗಳು: ಒಣಗಿದ ಎಲೆಯ ಮೇಲೆ ಗೊರಸು ಊರಿದ ಸದ್ದು, ಕಡ್ಡಿ ಮುರಿದ ಸದ್ದು, ಜೀರುಂಡೆಗಳ ಕೂಗು. ಒಂದು ಕಡೆ ಜೀರುಂಡೆ ಥಟ್ಟನೆ ನಿಂತರೆ ಅಲ್ಲೇನೋ ನಡೆದಾಡುತ್ತಿದೆಯೆಂದು ನಾವು ತಿಳಿಯುತ್ತಿದ್ದೆವು. ನನ್ನ ಪಾಲಿಗೆ ಈಗ ಎಲ್ಲಾ ಕಡೆಯೂ ಜೀರುಂಡೆ ನಿಂತೇ ಇದೆ. ಇನ್ನೂ ಕೆಟ್ಟದ್ದೆಂದರೆ ದಿಕ್ಕು. ಸದ್ದು ಯಾವ ಕಡೆಯದೆಂದು ಹೇಳಲು ಎರಡು ಕಿವಿಗಳೂ ಸಮನಾಗಿ ಕೇಳಬೇಕು. ಕಳೆದ ವಾರ ಹಿತ್ತಲಿನ ಗುಡ್ಡದಲ್ಲಿ ಕಾಡುಕುರಿ ಬೊಗಳಿದಾಗ ನಾನು ಬಲಕ್ಕೆ, ಹೊಳೆಯ ಕಡೆಗೆ ತಿರುಗಿದೆ. ಮಗಳು ನನ್ನ ತೋಳು ಹಿಡಿದು ಎಡಕ್ಕೆ ತಿರುಗಿಸಿದಳು. ಶ್ರವಣಸಾಧನ ಹಾಕಿಕೊಂಡಿದ್ದೇನೆ, ಮನೆಯೊಳಗೆ ಅದರಿಂದ ನಿಜವಾಗಿಯೂ ಉಪಕಾರವಾಗಿದೆ. ಕಾಡಿನಲ್ಲಿ ಮಾತ್ರ ಅದು ಗಾಳಿಯನ್ನೂ ನನ್ನದೇ ಅಂಗಿಯ ಸರಪರವನ್ನೂ ದೊಡ್ಡದು ಮಾಡಿ ಕೊಡುತ್ತದೆ.

ಎರಡನೆಯದು ಪಾದ. ನಮ್ಮ ಬೇಟೆಗಾರರು ಬರಿಗಾಲಿನಲ್ಲಿ ನಡೆಯುತ್ತಿದ್ದುದಕ್ಕೆ ಬಡತನವೊಂದೇ ಕಾರಣವಾಗಿರಲಿಲ್ಲ. ಪಾದದ ಹೊರಅಂಚನ್ನು ಮೊದಲು ಊರಿ, ಎಲೆಯ ಕೆಳಗೆ ಕಡ್ಡಿಯಿದೆಯೇ ಎಂದು ಚರ್ಮದಿಂದಲೇ ತಡವಿ ನೋಡಿ, ಇದ್ದರೆ ಹಿಂತೆಗೆದು, ಇಲ್ಲದಿದ್ದರೆ ಮಾತ್ರ ನಿಧಾನವಾಗಿ ಮೈಭಾರ ಬಿಡಬೇಕು. ಕಣ್ಣು ಎದುರಿನ ಹಳುವಿನಿಂದ ಕದಲುವಂತಿಲ್ಲ. ನೆಲವನ್ನು ನೋಡಿಕೊಳ್ಳುವ ಹೊಣೆ ಪಾದದ್ದು. ಸಕ್ಕರೆ ಕಾಯಿಲೆ ಅದನ್ನೇ ಕಿತ್ತುಕೊಂಡಿದೆ. ಶುಕ್ರವಾರ ವೈದ್ಯರು ನನ್ನನ್ನು ಕಣ್ಣು ಮುಚ್ಚಿಸಿ ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ತಾಗಿಸಿ, ತಿಳಿದಾಗ ಹೇಳಿ ಎಂದರು. ನಾನು ಕಾಯುತ್ತಾ ಕುಳಿತೆ. ಇನ್ನೂ ಶುರುಮಾಡಿಲ್ಲವೇ ಎಂದು ಕೇಳಿದಾಗ ಅವರು ಎಡಗಾಲನ್ನು ಮುಗಿಸಿ ಬಲಗಾಲಿಗೆ ಬಂದಿದ್ದರು. ಆ ಕ್ಷಣ ನನಗಾದ ದುಃಖ ಕಿವಿಯ ವರದಿ ಓದಿದಾಗಲೂ ಆಗಿರಲಿಲ್ಲ. ಬೂಟಿಲ್ಲದೆ ತೋಟಕ್ಕೂ ಇಳಿಯಬಾರದು, ಪ್ರತಿ ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂದಿದ್ದಾರೆ, ಹಾಗೆಯೇ ನಡೆದುಕೊಳ್ಳುತ್ತಿದ್ದೇನೆ. ಮಂಗನಕಾಯಿಲೆ ಹರಡುವ ಉಣುಗುಗಳ (ಉಣ್ಣಿಗಳ) ಕಾಲವೂ ಶುರುವಾಗಿರುವುದರಿಂದ ಬೇಸಿಗೆ ಮುಗಿಯುವವರೆಗೆ ಗುಡ್ಡ ಹತ್ತುವುದನ್ನು ಬಿಟ್ಟಿದ್ದೇನೆ.

ಮೊಣಕಾಲಿನ ಕಥೆ ಎಲ್ಲರ ಮನೆಯಲ್ಲೂ ಇರುವಂಥದೇ, ಏರುವುದಕ್ಕಿಂತ ಇಳಿಯುವುದು ಕಷ್ಟ. ಕಣ್ಣಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮೋಸವಾಗುವುದು ಅಲ್ಲಿಯೇ. ಬಲಗಣ್ಣಿನ ಪೊರೆ ತೆಗೆದು ದೂರದ ನೋಟಕ್ಕೆ ಹೊಂದುವ ಮಸೂರ ಕೂರಿಸಿದ್ದಾರೆ. ಹಗಲಿನಲ್ಲಿ ಆಚೆ ದಿಬ್ಬದ ಅಡಿಕೆ ಗೊನೆ ಕಾಣುತ್ತದೆ. ಹಾಗಾಗಿ ಗುರಿ ಇನ್ನೂ ಇದೆಯೆಂಬ ಧೈರ್ಯ ಬರುತ್ತದೆ. ಆದರೆ ಹಂದಿ ತೋಟಕ್ಕೆ ಇಳಿಯುವುದು ರಾತ್ರಿ. ಟಾರ್ಚಿನ ಬೆಳಕಿಗೆ ನನ್ನ ಎಡಗಣ್ಣಿನ ಪೊರೆಯಲ್ಲಿ ಬಳೆ ಬಳೆಯಾದ ಪ್ರಭೆ ಏಳುತ್ತದೆ, ಅದರ ನಡುವೆ ಕಂಡ ಕಪ್ಪು ಹಂದಿಯೋ, ಮೋಟುಮರವೋ, ಕಂಬಳಿ ಹೊದ್ದ ಮನುಷ್ಯನೋ ಎಂದು ನಾನು ಆಣೆಯಿಟ್ಟು ಹೇಳಲಾರೆ.

ನನ್ನ ತೀರ್ಮಾನದ ತಿರುಳು ಇಷ್ಟೇ. ಈಡು ಹೊಡೆಯಬೇಕೋ ಬೇಡವೋ ಎಂದು ನಿರ್ಣಯಿಸಿ ಕೊಡುತ್ತಿದ್ದವು ಕಿವಿ, ಪಾದ, ಕಣ್ಣು. ಅವು ಒಂದೊಂದಾಗಿ ಹೊರಟುಹೋದವು. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಬೆರಳಿಗೆ ಮಾತ್ರ ಮುಪ್ಪು ಬಂದಿಲ್ಲ. ಅದಕ್ಕೆ ಇಪ್ಪತ್ತರ ಹರೆಯದಲ್ಲಿದ್ದಷ್ಟೇ ಬಲ ಈಗಲೂ ಇದೆ. ಪ್ರಾಣಿಯೆಂದು ತಿಳಿದು ಜೊತೆಯವನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ, ಓದಿದಾಗಲೆಲ್ಲ ಎದೆ ನಡುಗುತ್ತದೆ. ಬಿಲ್ಲಿಗೆ ನಿಲ್ಲಿಸುವ ಮೊದಲು ಅಪ್ಪ ಹಾಕಿದ್ದ ಕಟ್ಟಳೆಯೆಂದರೆ, ಕಿವಿಯಿಂದ ಹಿಡಿದು ಕಾಲಿನವರೆಗೆ ಪ್ರಾಣಿಯ ಮೈ ಕಾಣುವವರೆಗೂ ಬೆರಳು ಕುದುರೆಯ ಮೇಲೆ ಹೋಗಬಾರದು. ಆ ಕಟ್ಟಳೆಯನ್ನು ಪಾಲಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಪ್ರಮಾಣಪತ್ರದಲ್ಲಿ ವೈದ್ಯರು ಏನೇ ಬರೆದರೂ ಈ ಪರೀಕ್ಷೆಯ ಫಲಿತಾಂಶ ನನಗೆ ಗೊತ್ತು.

ಹೀಗೆಂದ ಕೂಡಲೇ ಗೆಳೆಯರು ಕೇಳುವುದು, ಹಾಗಾದರೆ ಅಪ್ಪನ ಕಾಲದ ಕೋವಿಯನ್ನು ಠಾಣೆಗೆ ಒಪ್ಪಿಸುವುದೇ ಎಂದು. ಹಾಗೇನೂ ಇಲ್ಲ. ಪರವಾನಗಿದಾರ ಸತ್ತ ಮೇಲೆಯೇ ಕೋವಿ ವಾರಸುದಾರರಿಗೆ ಹೋಗುತ್ತದೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರನಿಗೆ 70 ವರ್ಷವಾದರೆ, ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ಅರ್ಹ ವಾರಸುದಾರರ ಹೆಸರಿಗೆ ಪರವಾನಗಿ ಕೋರಬಹುದು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಕೋವಿ ಬಳಕೆಯ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಎಲ್ಲವೂ ಬೇಕು. ತಡವಾಗುತ್ತದೆ, ಓಡಾಟವೂ ಇದೆ. ಆದರೂ ಹಿರಿಯರು ಬದುಕಿದ್ದು ಕೈಯಾರೆ ಕಲಿಸಿ ದಾಟಿಸುವುದಕ್ಕೂ, ತಿಥಿಯ ಮರುವಾರ ಮಕ್ಕಳು ಕೋವಿಯ ಕಾಗದ ಹುಡುಕುವುದಕ್ಕೂ ಎಷ್ಟೊಂದು ಅಂತರ!

ತೋಟ ನೋಡಿಕೊಳ್ಳುತ್ತಿರುವವಳು ಮಗಳು. ಕೋವಿ ಅವಳ ಹೆಸರಿಗೇ ಹೋಗಲಿ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ಇವತ್ತು ಬೆಳಿಗ್ಗೆ ಇಬ್ಬರೂ ಕೆಳಗಿನ ತೋಟದಲ್ಲಿ ಹೊಸದಾಗಿ ನೆಟ್ಟ ಅಡಿಕೆ ಸಸಿಗಳನ್ನು ನೋಡಿ ಬಂದೆವು. ಕೆಲವು ಸಸಿಗಳು ಬುಡದಲ್ಲಿ ಕಡಿದು ಬಿದ್ದಿದ್ದವು. ಹಂದಿಯಿರಬೇಕು ಎಂದಳು. ನಾನು ಮೊಣಕಾಲು ಹಿಡಿದುಕೊಂಡು ಕುಳಿತು ತೋರಿಸಿದೆ: ಹಂದಿಯಾಗಿದ್ದರೆ ಮೂತಿಯಿಂದ ಮಣ್ಣು ಉತ್ತಂತೆ ಎದ್ದಿರುತ್ತಿತ್ತು, ಸಸಿ ಬೇರುಸಹಿತ ಮಗುಚಿರುತ್ತಿತ್ತು; ಇಲ್ಲಿ ನೆಲ ಕದಡಿಲ್ಲ, ಕಚ್ಚಿದ ಜಾಗದಲ್ಲಿ ಉಳಿ ಹಾಕಿದಂತೆ ಜೋಡಿ ಹಲ್ಲಿನ ಗೆರೆಗಳಿವೆ, ಇದು ಮುಳ್ಳುಹಂದಿ. ಅವಳು ಗೆರೆಯ ಮೇಲೆ ಬೆರಳಾಡಿಸಿ ನೋಡಿ, ಮುಂದಿನ ಸಾಲಿನಲ್ಲಿ ಬಿದ್ದಿದ್ದ ಒಂದು ಮುಳ್ಳನ್ನು ತಾನೇ ಹುಡುಕಿ ತಂದಳು. ಸಸಿಗಳ ಸುತ್ತ ತಗಡು ಕಟ್ಟಿದರೆ ಸಾಕು, ಇದಕ್ಕೆ ಕೋವಿ ಬೇಕಿಲ್ಲ ಎಂದು ಅವಳೇ ಹೇಳಿದಾಗ ನನಗೆ ಬಹಳ ಸಂತೋಷವಾಯಿತು.

ಅರ್ಜಿಯನ್ನು ಮುಂದಿನ ವಾರ ಶಿವಮೊಗ್ಗಕ್ಕೆ ಹೋದಾಗ ಸಲ್ಲಿಸುತ್ತೇವೆ. ಗುರಿ ಅಭ್ಯಾಸ ಮಾಡುವವರು ಕಿವಿಗೆ ಹಾಕಿಕೊಳ್ಳುವ ರಕ್ಷಾಕವಚ ಅಲ್ಲಿ ಸಿಕ್ಕರೆ ಅಂದೇ ಕೊಳ್ಳಬೇಕು, ಸಿಗದಿದ್ದರೆ ಬೆಂಗಳೂರಿನಿಂದ ತರಿಸಬೇಕು. ಅದು ಕೈಗೆ ಬರುವವರೆಗೆ ತರಬೇತಿಯಲ್ಲಿಯೂ ಒಂದು ತೋಟೆ ಸಿಡಿಸಬಾರದೆಂದು ಮಗಳಿಗೆ ಹೇಳಿದ್ದೇನೆ, ಅವಳೂ ಒಪ್ಪಿದ್ದಾಳೆ.